ಹಾಸುಬಂಡೆಯ ಅತ್ತೆ

ಮೊನ್ನೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗಿದ್ದು ಸೊಪ್ಪು ತರುವುದಕ್ಕೆ. ಮೂಲೆಯ ಅಂಗಡಿಯಲ್ಲಿ ಹೊಸ ಹುಣಸೇಹಣ್ಣಿನ ಮೂಟೆಯ ಬಾಯಿ ಆಗತಾನೆ ಬಿಚ್ಚುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಿಂತಿತು. ಮೊದಲು ಹುಳಿ, ಅದರ ಹಿಂದೆ ಬೆಲ್ಲದಂಥದ್ದೇನೋ, ಅದಕ್ಕೂ ಹಿಂದೆ ಬಿಸಿಲಿಗೆ ಕಾದ ಕಲ್ಲು... "ಕೆಜಿ ಎಂಗಪ್ಪಾ?" ಅಂದೆ. ಅಂಗಡಿಯವನು ನನ್ನ ಮುಖ ಬಿಟ್ಟು ಬೆನ್ನ ಹಿಂದಕ್ಕೆ ಕತ್ತು ಚಾಚಿ ನೋಡಿದ. ಯಾರೋ ವಯಸ್ಸಾದ ಹೆಂಗಸು ಮೆಲ್ಲಗೆ ರೇಟು ಕೇಳಿದರೆಂದು ಅವನು ತಿಳಿದಿದ್ದ. ಹಿಂದೆ ಯಾರೂ ಇರಲಿಲ್ಲ. ಆ ದನಿ ನನ್ನ ಗಂಟಲಿನಿಂದಲೇ ಬಂದಿತ್ತು.

ಇದಕ್ಕೆ ಗಾಬರಿಯಾಗಬೇಕಿಲ್ಲ. ನನ್ನ ಗಂಟಲು ಬಾಡಿಗೆಗೆ ಬಿಟ್ಟ ಮನೆ. ಹಾಸನದ ಬೀದಿಗಳಲ್ಲಿ "ಬನ್ನಿ, ಬನ್ನಿ, ಇಂದೇ ಕೊನೆಯ ದಿನ" ಎಂದು ತಿಂಗಳುಗಟ್ಟಲೆ ಕೂಗಿಕೊಂಡು ಓಡಾಡುವ ಪ್ರಚಾರದ ಆಟೋದ ಒಳಗಿನ ದನಿ ನನ್ನದೇ. ಮದುವೆ ರಿಸೆಪ್ಷನ್ನುಗಳಲ್ಲಿ, ಊಟದ ಪಂಕ್ತಿ ಖಾಲಿಯಾಗುವವರೆಗೆ ಜನರನ್ನು ಕುರ್ಚಿಯಲ್ಲಿ ಹಿಡಿದು ಕೂರಿಸುವ ಮಿಮಿಕ್ರಿಯವನೂ ನಾನೇ. ಕಂಡಕ್ಟರು, ಮೇಷ್ಟ್ರು, ಪುರೋಹಿತರು, ಈಯುವ ಎಮ್ಮೆ, ಎಲ್ಲರೂ ಬಂದು ಈ ಮನೆಯಲ್ಲಿ ಇದ್ದು ಹೋಗುತ್ತಾರೆ. ಮಾಲೀಕನನ್ನು ಮಾತ್ರ ಯಾರೂ ಮಾತಾಡು ಎಂದು ಕೇಳಿದ್ದಿಲ್ಲ. ಕೇಳಿದ್ದರೂ ಅವನ ಹತ್ತಿರ ಅಂಥಾ ದನಿಯೇನೂ ಇಲ್ಲ. ಆದರೆ ಮೊನ್ನೆ ಹೊರಬಂದದ್ದು ಬಾಡಿಗೆಯವರ ದನಿಯಲ್ಲ. ಅದು ನಮ್ಮ ಎದುರುಮನೆ ಅತ್ತೆಯದು. ಅದೂ ಆಕೆಯ ಕೊನೆಯ ವರ್ಷಗಳ ದನಿ...

ನಮ್ಮೂರು ಚನ್ನರಾಯಪಟ್ಟಣಕ್ಕೂ ಹೊಳೆನರಸೀಪುರಕ್ಕೂ ನಡುವೆ, ಎರಡೂ ಕಡೆಯಿಂದ ಬಸ್ಸು ತಡವಾಗಿ ಬರುವ ಜಾಗದಲ್ಲಿದೆ. ಅತ್ತೆ ಅಂದರೆ ಸ್ವಂತ ಸೋದರತ್ತೆಯಲ್ಲ, ಇಡೀ ಬೀದಿಗೇ ಅತ್ತೆ. ಪಂಚಾಯ್ತಿಯವರು ರಸ್ತೆ ಬದಿಯ ಹುಣಸೇಮರಗಳ ಫಸಲು ಹರಾಜು ಹಾಕುವಾಗ ಗಂಡಸರ ನಡುವೆ ನಿಂತು ಕೂಗುತ್ತಿದ್ದ ಒಬ್ಬಳೇ ಹೆಂಗಸು. ಬೇಸಿಗೆ ಕಾಲಿಟ್ಟಿತೆಂದರೆ ಊರ ಹಿಂದಿನ ಹಾಸುಬಂಡೆ ಆಕೆಯ ವಶ. ಗುಡ್ಡದ ಬುಡದಲ್ಲಿ ಯಾರೋ ಚಾಪೆ ಬಿಡಿಸಿ ಮರೆತು ಹೋದ ಹಾಗೆ ಮಲಗಿದ್ದ ಕಲ್ಲು ಅದು. ಊರಿನವರ ರಾಗಿ, ಹುರುಳಿ, ಮೆಣಸಿನಕಾಯಿ ಎಲ್ಲ ಒಣಗುತ್ತಿದ್ದದ್ದು ಅದರ ಮೇಲೆಯೇ. ಆಮೇಲೆ ಅತ್ತೆಯ ಹುಣಸೇಹಣ್ಣು. ಆಕೆಯ ಜೊತೆ ನಾಲ್ಕೈದು ಹೆಂಗಸರು ಕೂತು ಸಿಪ್ಪೆ ಒಡೆದು, ನಾರು ಎಳೆದು, ಕೊಡತಿಯಲ್ಲಿ ಕುಟ್ಟಿ ಬೀಜ ತೆಗೆಯುತ್ತಿದ್ದರು. "ನನ್ ಬಂಡೆ ತೊಳ್ದಿಟ್ಟ ತಟ್ಟೆ ಇದ್ದಂಗೆ. ನನ್ ಹಣ್ಣಲ್ಲಿ ಒಂದ್ ಕಲ್ಲರಳು ಸಿಕ್ಕುದ್ರೆ ಕಿವಿ ಕುಯ್ದು ಕೊಡ್ತೀನಿ" ಅನ್ನುತ್ತಿದ್ದಳು. ಕಾಗದದಲ್ಲಿ ಮಾತ್ರ ಆ ಬಂಡೆ ಸರ್ಕಾರಿ ಖರಾಬು. ಕಾಗದ ಯಾರು ನೋಡಿದ್ದರು?

ಆಕೆಯ ದನಿ ಶುರುವಾಗುವಾಗ ಏರು ಹತ್ತುವ ಲಾರಿಯ ಹಾಗೆ ದಪ್ಪ. ಮಾತು ಮುಗಿಯುವ ಹೊತ್ತಿಗೆ ಸೀಳಿಕೊಂಡು ಮೇಲಕ್ಕೆ ಹಾರಿ, ಕೊನೆಯ ಅಕ್ಷರ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿತ್ತು. ಬಂಡೆಯ ಮೇಲೆ ಯಾರಾದರೂ ಚಪ್ಪಲಿ ಕಾಲಲ್ಲಿ ಹತ್ತಿದರೆ ಮುಗಿಯಿತು: "ಯಾವನ್ಲಾ ಅವ್ನು, ಬಂಡೆ ಮ್ಯಾಲೆ ಮೆಟ್ಟಾಕ್ಕಂಡ್ ಅತ್ತಿರೋನು!" ನಾನು ಪಿಯುಸಿಯಲ್ಲಿ ಗೌರವದಿಂದ ಫೇಲಾಗಿ ಮನೆಯಲ್ಲಿ ಕೂತಿದ್ದ ಕಾಲ. ಆ ದನಿ ಹಿಡಿದೆ. ಆಕೆಗೆ ಸಿಟ್ಟು ಬರಲಿಲ್ಲ, ಕೆಲಸ ಕೊಟ್ಟಳು. ಮಧ್ಯಾಹ್ನ ಉಣ್ಣಲು ಹೋಗುವಾಗ ನನ್ನನ್ನು ಮರದ ಮರೆಯಲ್ಲಿ ಕೂರಿಸಿ, "ನನ್ನಂಗೇ ಕೂಗ್ತಿರ್ಲಾ, ನಾನಿಲ್ಲ ಅಂತ ಯಾರ್ಗೂ ಗೊತ್ತಾಗ್ಬಾರ್ದು" ಅನ್ನುತ್ತಿದ್ದಳು. ಹುಡುಗರಿರಲಿ, ದನಗಳೂ ಕಾಲಿಗೆ ಬುದ್ಧಿ ಹೇಳುತ್ತಿದ್ದವು. ವಾಪಸ್ ಬಂದವಳು ಹುಣಸೇಹಣ್ಣಿಗೆ ಉಪ್ಪು, ಬೆಲ್ಲ, ಒಣಮೆಣಸು ಸೇರಿಸಿ ಕುಟ್ಟಿ, ಉಂಡೆ ಮಾಡಿ, ಕಡ್ಡಿಗೆ ಚುಚ್ಚಿ ಕೈಗಿಡುತ್ತಿದ್ದಳು. ಒಂದೇ ದನಿಗೆ ಇಬ್ಬರು ಹಕ್ಕುದಾರರಿದ್ದೆವು, ಜಗಳವಿರಲಿಲ್ಲ.

ಅದೇ ವರ್ಷ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಅತ್ತೆಯ ದನಿಯನ್ನು ಸ್ಟೇಜು ಹತ್ತಿಸಿದೆ. ಆಕೆ ಮುಂದಿನ ಸಾಲಿನಲ್ಲೇ ಕೂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಯಾರೋ ರೆಕಾರ್ಡ್ ಮಾಡಿದರು, ವಾಟ್ಸಾಪಿನಲ್ಲಿ ಹಬ್ಬಿತು. ದೀಪಾವಳಿಯ ಹೊತ್ತಿಗೆ ಊರಿನ ಅರ್ಧ ಫೋನುಗಳಲ್ಲಿ ನನ್ನ ಅತ್ತೆಯೇ ರಿಂಗ್‌ಟೋನು. ಗದ್ದೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಸಾವಿನ ಮನೆಯಲ್ಲೂ "ಯಾವನ್ಲಾ ಅವ್ನು..." ಎಂದು ಕೂಗಿ, ಹೆಣದ ಮುಂದೆ ಕೂತವರು ತುಟಿ ಕಚ್ಚಿ ನಗು ಹಿಡಿದುಕೊಳ್ಳಬೇಕಾಯಿತು. ನಾನು ಬೀಗಿ ಎರಡು ಅಂಗುಲ ಎತ್ತರವಾಗಿದ್ದೆ.

ಬೇಸಿಗೆಗೆ ಮುಂಚೆ ಸುದ್ದಿ ಬಂತು. ಗುಡ್ಡವನ್ನು ಕಲ್ಲುಗಣಿಗೆ ಕೊಡುತ್ತಾರಂತೆ. ನಕ್ಷೆಯ ಗೆರೆಯೊಳಗೆ ಗುಡ್ಡದ ಜೊತೆ ಹಾಸುಬಂಡೆಯೂ ಸೇರಿತ್ತು. ಅತ್ತೆ ನನ್ನನ್ನು ಬೈಕಿನ ಸಮೇತ ಹಿಡಿದುಕೊಂಡು ಹೊರಟಳು. ಚನ್ನರಾಯಪಟ್ಟಣದಲ್ಲಿ "ಜಾಗ ನಮ್ಮ ಲೆಕ್ಕಕ್ಕಮ್ಮ, ಕಲ್ಲು ನಮ್ದಲ್ಲ, ಹಾಸನಕ್ಕೆ ಹೋಗಿ" ಅಂದರು. ಹಾಸನದಲ್ಲಿ "ಕಲ್ಲೇನೋ ನಮ್ದೇ, ಆದ್ರೆ ಪರಿಸರದ ಅನುಮತಿ ಬೆಂಗ್ಳೂರಿಂದು" ಅಂದರು. ಬೆಂಗಳೂರಿಗೆ ಫೋನು ಹಚ್ಚಿದರೆ "ಡೆಲ್ಲಿಯವರು ಮಾಡಿದ ನಿಯಮ, ನಾವೇನ್ ಮಾಡೋಣ" ಅಂದರು. ಪ್ರತಿ ಕಚೇರಿಯ ಮೆಟ್ಟಿಲಿಳಿದಾಗಲೂ ಒಳಗಿದ್ದವರ ದನಿ ತೆಗೆದು ಅತ್ತೆಯನ್ನು ನಗಿಸುತ್ತಿದ್ದೆ. ನಗುತ್ತಿದ್ದಳು. ನಗುತ್ತಲೇ ಬೈಕು ಹತ್ತುವಾಗ ಅವಳ ಕೈ ನನ್ನ ಭುಜ ಹಿಂಡುತ್ತಿತ್ತು...

ಕೊನೆಗೆ ಹೊಳೆನರಸೀಪುರದ ವಕೀಲರೊಬ್ಬರು ಬಿಡಿಸಿ ಹೇಳಿದರು. "ನೋಡಮ್ಮ, ಕಲ್ಲು ರಾಜ್ಯದ್ದು. ಒಡೆದಾಗ ಏಳೋ ಧೂಳಿನ ಕಾನೂನು ಕೇಂದ್ರದ್ದು. ಆ ಕಾನೂನಿನ ಪ್ರಕಾರ ಅನುಮತಿ ಕೊಡೋರು ಕೂತಿರೋದು ಬೆಂಗ್ಳೂರಲ್ಲಿ, ಕೂರಿಸಿದ್ದು ಡೆಲ್ಲಿ."

"ಅಂಗಾರೆ ನಾನು ಯಾರ್ ಮುಂದೆ ಬಾಯ್ ಬಡ್ಕಳಾದು ಸಾ?" ಅಂದಳು ಅತ್ತೆ.

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಎಲ್ಲ ಬಾಗಿಲುಗಳಲ್ಲಿ ನಮ್ಮಂಥವರಿಗೆ ತೆರೆಯುವುದು ಒಂದೇ ಅಂದರು: ಅಹವಾಲು ಸಭೆ. ಅನುಮತಿ ಕೊಡುವ ಮುಂಚೆ ಊರಿನಲ್ಲೇ ಸಭೆ ಕರೆಯಬೇಕು, ಯಾರು ಏನು ಹೇಳಿದರೂ ಬರೆದುಕೊಳ್ಳಬೇಕು, ವಿಡಿಯೋ ತೆಗೆಯಬೇಕು, ಬರೆದದ್ದನ್ನು ಕೊನೆಯಲ್ಲಿ ಜನರ ಮುಂದೆ ಕನ್ನಡದಲ್ಲಿ ಓದಬೇಕು. ಹೇಳಿದ ಪ್ರತಿ ಮಾತಿಗೂ ಕಂಪನಿಯವರು ಉತ್ತರ ಕೊಡಬೇಕು. "ಬಂಡೆ ಗುಡ್ಡದ ಅಂಚಿನಲ್ಲಿದೆ. ಅಷ್ಟು ಬಿಟ್ಟು ಒಡೀರಿ ಅಂತ ಷರತ್ತು ಹಾಕಿಸೋಕೆ ಆಗುತ್ತೆ. ಆದ್ರೆ ಸಭೇಲಿ ಹೇಳಿರಬೇಕು. ಹೇಳದೇ ಇದ್ದದ್ದು ಇಲ್ಲದೇ ಇದ್ದಂಗೆ." ಬರೆದೂ ಕೊಡಬಹುದೆಂದರು. ಅತ್ತೆ ಒಪ್ಪಲಿಲ್ಲ. ಕಾಗದ ಎಲ್ಲಾದರೂ ಕಳೆದುಹೋಗುತ್ತದೆ, ಬಾಯಲ್ಲಿ ಹೇಳಿದ್ದು ನಾಲ್ಕು ಜನರ ಕಿವಿಯಲ್ಲಿರುತ್ತದೆ ಅನ್ನುವುದು ಆಕೆಯ ನಂಬಿಕೆ.

ಆವತ್ತಿನಿಂದ ಸಂಜೆ ಹಣ್ಣು ಎತ್ತಿದ ಮೇಲೆ ಖಾಲಿ ಬಂಡೆಯ ಮೇಲೆ ನಮ್ಮ ತಾಲೀಮು. ನಾನೇ ಜಿಲ್ಲೆಯ ಸಾಹೇಬರು, ನಾನೇ ಮಾಲಿನ್ಯದ ಅಧಿಕಾರಿ, ನಾನೇ ಕಂಪನಿಯ ಎಂಜಿನಿಯರು. ಮೈಕಿನ ಬದಲು ಕೊಡತಿ. ಹರಾಜಿನಲ್ಲಿ ಗಂಡಸರನ್ನು ಮೂಲೆಗೆ ತಳ್ಳುವ ಹೆಂಗಸು ಆ ಕೊಡತಿ ಹಿಡಿದರೆ ಬೆವರುತ್ತಿದ್ದಳು. ನಾನು ಮೂಗಿನಲ್ಲಿ "ಸಂಕ್ಷಿಪ್ತವಾಗಿ ಹೇಳಮ್ಮಾ" ಅಂದರೆ, "ನಿನ್ ಸಂಕ್ಷಿಪ್ತಕ್ಕಿಷ್ಟು ಬೆಂಕಿ ಹಾಕ, ಉಸ್ರಾದ್ರೂ ಬುಡಾನ ತಡಿ" ಅಂದು ಕೊಡತಿ ಎಸೆದುಬಿಡುತ್ತಿದ್ದಳು. ದಿನಾ ತಿದ್ದಿ ತಿದ್ದಿ ಮಾತು ನಿಂತಿತು. ಮೊದಲು ಧೂಳು. ಆಮೇಲೆ ಮುಖ್ಯ ಮಾತು: "ಗುಡ್ಡ ಒಡ್ಕಳಿ ಸಾ, ಬ್ಯಾಡ ಅನ್ನಕಿಲ್ಲ. ಈ ಹಾಸುಬಂಡೆ ಒಂದ್ ಬುಟ್ಬುಡಿ. ಊರ್ ಕಾಳೆಲ್ಲ ಇದ್ರ ಮ್ಯಾಲೇ ಒಣಗಾದು." ಆ ಮಾತು ಇವತ್ತಿಗೂ ನನಗೆ ಬಾಯಿಪಾಠ.

ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮೇಜಿಗೆ ಬಿಳಿ ಬಟ್ಟೆ, ಮೇಲೆ ನೀರಿನ ಬಾಟಲಿಗಳು, ಪಕ್ಕದಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ. ಊರಿಗೆ ಊರೇ ಬಂದಿತ್ತು. ಕೆಲವರಿಗೆ ಕಂಪನಿಯಲ್ಲಿ ಕೆಲಸ ಬೇಕಿತ್ತು, ಕೆಲವರಿಗೆ ಟ್ರ್ಯಾಕ್ಟರಿಗೆ ಬಾಡಿಗೆ, ಉಳಿದವರಿಗೆ ಶಾಮಿಯಾನದ ನೆರಳು. ಅತ್ತೆ ಮದುವೆಗೆಂದು ಎತ್ತಿಟ್ಟಿದ್ದ ಸೀರೆ ಉಟ್ಟಿದ್ದಳು.

ಮೈಕು ಕೈಗೆ ಬಂದಾಗ ಬೆವರಲಿಲ್ಲ. ಅದೇ ದಪ್ಪ ದನಿ, ಅದೇ ಸೀಳು, ಅದೇ ಹಾರು. ಧೂಳಿನ ಬಗ್ಗೆ ಚೆನ್ನಾಗಿಯೇ ಹೇಳಿದಳು. ಸಾಹೇಬರು ತಲೆ ಎತ್ತಿ ನೋಡಿದರು, ಪಕ್ಕದವರು ಬರೆದುಕೊಂಡರು. ಬಂಡೆಯ ಮಾತಿಗೆಂದು ಅತ್ತೆ ಉಸಿರೆಳೆದುಕೊಂಡಳು. ಆಗ ಹಿಂದಿನ ಸಾಲಿನ ಯಾವನದೋ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಯಾವನ್ಲಾ ಅವ್ನು, ಬಂಡೆ ಮ್ಯಾಲೆ ಮೆಟ್ಟಾಕ್ಕಂಡ್ ಅತ್ತಿರೋನು!"

ಶಾಮಿಯಾನ ಹಾರಿಹೋಗುವ ಹಾಗೆ ನಕ್ಕರು. ಯಾವನೋ ಕೂಗಿದ, "ಲೇ, ಅತ್ತೆ ಥೇಟ್ ಇವ್ನಂಗೇ ಮಾತಾಡ್ತಾಳೆ ಕಣ್ಲಾ!" ಮೇಜಿನ ಹಿಂದಿನವರೂ ಬಾಟಲಿ ಅಡ್ಡ ಹಿಡಿದು ನಕ್ಕರು. ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಏನು ಮಾಡಿದೆ ಗೊತ್ತೇ? ಜನ ನಕ್ಕರೆ ನನ್ನ ಕೈ ತಾನಾಗಿ ಏಳುತ್ತದೆ, ಅಭ್ಯಾಸ. ಎದ್ದು ನಿಂತು ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದೆ.

ನಗು ಇಳಿದ ಮೇಲೆ ಅತ್ತೆ ಏನೋ ಅಂದಳು. ಸಾಹೇಬರು ಮೈಕಿನಲ್ಲಿ, "ಜೋರಾಗಿ ಹೇಳಿ ಅಮ್ಮಾ, ಕೇಳಿಸ್ತಿಲ್ಲ" ಅಂದರು. "ಅಷ್ಟೇಯ ಸಾ" ಅಂದಳು. ಮೈಕು ಕೊಟ್ಟು ನನ್ನ ಕುರ್ಚಿಯ ಪಕ್ಕದಲ್ಲೇ ಹಾದುಹೋದಳು. ನಿಲ್ಲದೆ, ನನ್ನ ಮುಖ ನೋಡದೆ, "ಉಳ್ದಿದ್ದು ನೀನೇಳ್ಬುಡ್ಲಾ" ಅಂದಳು. ಮೈದಾನ ದಾಟಿ ಬಂಡೆಯ ಕಡೆ ಹೊರಟುಹೋದಳು. ಹಣ್ಣು ಹರವಿತ್ತು, ಮೋಡವಾಗಿತ್ತು.

ನನ್ನ ಸರದಿ ಕೇಳಬೇಕಿತ್ತು. ಆಮೇಲೆ, ಆಮೇಲೆ ಅಂದುಕೊಂಡೆ. ಸಭೆ ಮುಗಿಯಿತು, ಬರೆದದ್ದನ್ನು ಓದಿದರು. "ಒಬ್ಬ ಮಹಿಳೆ ಧೂಳಿನ ಬಗ್ಗೆ ಪ್ರಸ್ತಾಪಿಸಿದರು" ಎಂಬುದೂ ಅದರಲ್ಲಿತ್ತು. ಬಂಡೆ ಇರಲಿಲ್ಲ. "ಏನಾದ್ರೂ ಬಿಟ್ಟುಹೋಗಿದ್ರೆ ಈಗಲೇ ಹೇಳಿ" ಅಂದರು ಸಾಹೇಬರು. ನಾನು ಎದ್ದೆ. ನಿಜವಾಗಿ ಎದ್ದೆ. ಹಿಂದಿನಿಂದ ಶುರುವಾಯಿತು: "ಮಾಡ್ಲಾ, ಅತ್ತೆದು ಮಾಡ್ಲಾ!" ಮತ್ತೆ ನಗು. ಬಾಯಿ ತೆರೆದರೆ ಬರುವುದು ಆಕೆಯ ದನಿಯೇ ಎಂದು ನನಗೂ ಗೊತ್ತಿತ್ತು, ಯಾಕೆಂದರೆ ಆ ಮಾತು ನನ್ನೊಳಗೆ ಆ ದನಿಯಲ್ಲೇ ಇತ್ತು. ಇನ್ಯಾವ ದನಿಯಲ್ಲಿ ಹೇಳುವುದೆಂದು ಹುಡುಕಿದೆ. ಸಾಹೇಬರದಿತ್ತು, ಎಂಜಿನಿಯರದಿತ್ತು, ಎಮ್ಮೆಯದೂ ಇತ್ತು. ಊರನ್ನೆಲ್ಲ ನಗಿಸಿ ಬದುಕುವವನಿಗೆ ತಾನು ನಗೆಪಾಟಲಾಗುವುದೆಂದರೆ ಅಷ್ಟು ಭಯವೆಂದು ಆವತ್ತೇ ಗೊತ್ತಾಗಿದ್ದು. ಮತ್ತೊಂದು ನಮಸ್ಕಾರ ಹಾಕಿ ಕೂತುಬಿಟ್ಟೆ.

ಸಂಜೆ ಅತ್ತೆ ಬಂಡೆಯ ಮೇಲೆ ಟಾರ್ಪಾಲು ಎಳೆಯುತ್ತಿದ್ದಳು. "ಹೇಳಿದ್ಯೇನ್ಲಾ?" ಅಂದಳು.

"ಹೇಳ್ದೆ ಅತ್ತೆ."

"ಬರ್ಕಂಡ್ರಾ?"

"ಬರ್ಕಂಡ್ರು."

ಆಕೆ ಟಾರ್ಪಾಲಿನ ಮೂಲೆಗೆ ಕಲ್ಲಿಟ್ಟು, ನನಗೆ ಕಡ್ಡಿಗೆ ಚುಚ್ಚಿದ ಉಂಡೆ ಕೊಟ್ಟಳು. ತಿಂದೆ... ಅದನ್ನೂ ಹೇಳಿಬಿಡಬೇಕು, ತಿಂದೆ.

ಅನುಮತಿ ಬಂದಾಗ ಷರತ್ತುಗಳಲ್ಲಿ ಬಂಡೆಯ ಹೆಸರಿರಲಿಲ್ಲ. "ಬರ್ಕಂಡಿದ್ರಲ್ಲಾ?" ಎಂದು ಕೇಳಿದಳು. ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಅಷ್ಟೊಂದು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ಕಲಿತದ್ದೇ ಗಂಟಲಿನಲ್ಲಿತ್ತು. "ಇಲ್ಲಿಯವ್ರು ಬರ್ದು ಕಳ್ಸಿದ್ರಂತೆ ಅತ್ತೆ. ಬೆಂಗ್ಳೂರವ್ರು ಡೆಲ್ಲಿ ಅಂತಾರೆ. ಡೆಲ್ಲಿಯವ್ರು ತೆಗ್ದಾಕ್ಬುಟ್ರಂತೆ." ರಾಜ್ಯ, ಕೇಂದ್ರ ಎರಡರ ದನಿಯನ್ನೂ ನಾನು ಎಷ್ಟೋ ಸಲ ಅಣಕಿಸಿದ್ದೆ. ಆವತ್ತು ಅಣಕಿಸಲಿಲ್ಲ, ಅದೇ ನನ್ನ ಮಾತಾಗಿತ್ತು. ಅತ್ತೆ ನಂಬಿದಳು. ಸಾಯುವವರೆಗೂ ಡೆಲ್ಲಿಯನ್ನು ಬೈದಳು.

ಆದರೆ ಬೈದದ್ದು ಮೆಲ್ಲಗೆ. ಆ ಸಭೆಯಾದ ಮೇಲೆ ಆಕೆ ಜೋರಾಗಿ ಮಾತಾಡಿದ್ದನ್ನು ನಾನು ಕೇಳಲೇ ಇಲ್ಲ. ಹರಾಜಿನಲ್ಲೂ ಕೈ ಎತ್ತಿ ತೋರಿಸುತ್ತಿದ್ದಳು. ದನಿಯನ್ನು ಕೆಳಗಿಳಿಸಿ, ಮಾತಿನ ಕೊನೆ ಹಾರದ ಹಾಗೆ ಹಿಡಿದು, ಬೇರೆ ಯಾರೋ ಹೆಂಗಸಿನ ಹಾಗೆ ಮಾತಾಡಲು ಕಲಿತುಬಿಟ್ಟಳು. ಮೊದಲು ನನಗೆ ಹೊಳೆಯಲಿಲ್ಲ. ಹೊಳೆದಾಗ, ಎದುರುಮನೆಯ ಜಗುಲಿ ನೋಡುವುದೇ ಬೇಡವೆಂದು ಹಾಸನಕ್ಕೆ ಬಂದುಬಿಟ್ಟೆ. ಮಿಮಿಕ್ರಿಯವನಿಂದ ತಪ್ಪಿಸಿಕೊಳ್ಳಲು ಆಕೆಗಿದ್ದ ದಾರಿ ತನ್ನ ದನಿಯನ್ನೇ ಬಿಟ್ಟುಬಿಡುವುದೊಂದೇ...

ಬಂಡೆ ಹೋಯಿತು. ಈಗ ಅಲ್ಲಿ ಗುಂಡಿ, ಗುಂಡಿಯಲ್ಲಿ ಹಸಿರು ನೀರು, ಸುತ್ತ ಮುಳ್ಳುತಂತಿ. ಒಂದೆರಡು ಬೇಸಿಗೆ ಟಾರ್ಪಾಲಿನ ಮೇಲೆ ಹಣ್ಣು ಒಣಗಿಸಿ ನೋಡಿದಳು, ಬಿಳಿ ಪುಡಿ ಕೂತು ವ್ಯಾಪಾರಿಗಳು ಮುಟ್ಟಲಿಲ್ಲ. ಮರ ಹಿಡಿಯುವುದು ಬಿಟ್ಟು ಅರಕಲಗೂಡಿನ ಮಗಳ ಮನೆಗೆ ಹೋದಳು. ಅಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುತ್ತಿದ್ದಳಂತೆ. ಹೋದ ವರ್ಷ ಒಂದು ಬೆಳಿಗ್ಗೆ, ಎದೆ ಹಿಡಿದುಕೊಂಡವಳು ಮತ್ತೆ ಏಳಲಿಲ್ಲ.

ತಿಥಿಯ ಊಟ ಮುಗಿದ ಮೇಲೆ ಮಗಳು ನನ್ನನ್ನು ಹಿತ್ತಲಿಗೆ ಕರೆದಳು. "ಬಾವ, ಅವ್ವನಂಗೆ ಒಂದ್ಸಲ ಮಾತಾಡು. ಮರ್ತೋಗ್ತದೆ ಅಂತ ಭಯ ನಂಗೆ." ಬಾಯಿ ತೆರೆದೆ. ಬಂದದ್ದು ಆ ಮೆಲುದನಿ. "ಇದಲ್ಲ," ಅಂದಳು, "ಮದ್ಲಿಂದು." ಮೊದಲಿನದನ್ನು ಎಷ್ಟು ಎಳೆದರೂ ಗಂಟಲು ಕೊಡಲಿಲ್ಲ. ಹಳೇ ರಿಂಗ್‌ಟೋನು ಹಾಕಿ ತೋರಿಸಿದೆ. ಪೂರ್ತಿ ಕೇಳಿ, "ಇದು ನೀನು ಕಣ್ ಬಾವ" ಅಂದಳು. ಆಕೆಯ ಹತ್ತಿರ ಅವ್ವನ ಫೋಟೋಗಳಿದ್ದವು. ತನ್ನ ಮದುವೆಯ ವಿಡಿಯೋ ಇತ್ತು. ಅದರಲ್ಲಿ ಅತ್ತೆಯ ಬಾಯಿ ಆಡುತ್ತದೆ, ಮೇಲೆಲ್ಲ ವಾಲಗ. "ಆ ಬಂಡೆ ಸಭೇಲಿ ವಿಡಿಯೋ ತೆಗ್ದಿದ್ರಂತಲ್ಲ, ಅದ್ನ ತರ್ಸ್ಕೊಡು. ಅವ್ವ ಮಾತಾಡಿದ್ದೂ ಇರ್ತದೆ. ನೀನು ಬಂಡೆ ಬಗ್ಗೆ ಹೇಳಿದ್ದೂ ಇರ್ತದಲ್ಲ, ನೋಡ್ಬೇಕು."

ಅರ್ಜಿ ಹಾಕಿದೆ. ಹಾಸನದವರು ಬೆಂಗಳೂರು ಅಂದರು, ಬೆಂಗಳೂರಿನವರು ಮೂಲ ಪ್ರತಿ ಡೆಲ್ಲಿಯಲ್ಲಿ ಇರಬಹುದು ಅಂದರು, ಮತ್ತೆ ಹಾಸನಕ್ಕೇ ಕಳಿಸಿದರು. ಮಗಳು ಫೋನು ಮಾಡಿದಾಗಲೆಲ್ಲ ಗುಮಾಸ್ತರ ದನಿಯಲ್ಲಿ "ಮುಂದಿನ ವಾರ ಬನ್ನಿ" ಎಂದು ನಗಿಸಿ ಇಡುತ್ತಿದ್ದೆ. ನಿಜ ಹೇಳಬೇಕೆಂದರೆ, ಒಂದೊಂದು ಕಚೇರಿಯವರು ಇಲ್ಲ ಅಂದಾಗಲೂ ನನಗೆ ಒಳಗೊಳಗೇ ಹಾಯೆನಿಸುತ್ತಿತ್ತು.

ಕೊನೆಗೂ ಅದು ಬಂದು ಕೆಲವು ವಾರಗಳಾದವು. ನೋಡಿದೆ. ಅತ್ತೆ ಇದ್ದಾಳೆ, ಆ ಸೀರೆ, ಆ ದಪ್ಪ ದನಿ, ಆ ಸೀಳು... ಉಸಿರೆಳೆದುಕೊಳ್ಳುವವರೆಗೆ ಪೂರ್ತಿ ಇದ್ದಾಳೆ. ಆಮೇಲೆ ನಾನಿದ್ದೇನೆ, ಕೈ ಮುಗಿಯುತ್ತಾ. ಕೊನೆಯಲ್ಲಿ ಮತ್ತೆ ನಾನು, ಎದ್ದು, ಕೈ ಮುಗಿದು, ಕೂರುತ್ತಾ. ಬಂಡೆಯ ಬಗ್ಗೆ ಒಬ್ಬರೂ ಒಂದು ಮಾತೂ ಆಡಿಲ್ಲ. ಮಗಳಿಗೆ ಇನ್ನೂ ಡೆಲ್ಲಿಯಲ್ಲಿದೆ ಅಂತಲೇ ಹೇಳುತ್ತಾ ಬಂದಿದ್ದೇನೆ.

ಮೊನ್ನೆ ಮಾರುಕಟ್ಟೆಯಲ್ಲಿ ಹುಣಸೇಹಣ್ಣು ಕಟ್ಟಿಸಿಕೊಂಡು ಒಂದು ತುಣುಕು ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ಹರಳು ಸಿಕ್ಕಿತು. ಉಗಿಯಲು ಮನಸ್ಸಾಗದೆ ಅದನ್ನೇ ನಾಲಿಗೆಯಲ್ಲಿ ಆಡಿಸುತ್ತಾ ನಿಂತಿದ್ದಾಗ ಫೋನು ಬಂತು.

"ಬಾವ, ಬಂತಾ? ಇಲ್ಲಾ ಇನ್ನೂ ಡೆಲ್ಲೀಲೇ ಅದಾ ನಮ್ಮವ್ವ?" ನಗುತ್ತಲೇ ಕೇಳಿದಳು.

ಗುಮಾಸ್ತರು ಗಂಟಲಿನಲ್ಲಿ ಸಿದ್ಧವಾಗಿ ನಿಂತಿದ್ದರು. ಅವರನ್ನು ತಡೆದೆ. ಸುತ್ತ ಸೊಪ್ಪಿನವರ ಕೂಗು, ತಳ್ಳುಗಾಡಿಗಳ ಗಲಾಟೆ, ದೂರದಲ್ಲೆಲ್ಲೋ ನನ್ನದೇ ಆಟೋ.

"ಬಂದದೆ ಕಣವ್ವ," ಅಂದೆ. "ಆವತ್ತು ನಾನು ಹೇಳ್ಲೇ ಇಲ್ಲ."

"ಯಾರಿದು? ಬಾವನಾ?" ಅಂದಳು ಆಕೆ. "ನಿನ್ ದನಿನೇ ಅಲ್ವಲ್ಲ ಇದು. ಏನೂ ಕೇಳುಸ್ತಿಲ್ಲ, ವಸಿ ಜೋರಾಗೇಳು."